ಮೊದಲು ಒಂದು ತರಗತಿ ತೆಗೆದುಕೊಳ್ಳಿ

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳ ಸರ್ಕಾರಿ ಶಾಲೆಗಳಿಗೆ ಶಿಕ್ಷಕರ ತರಬೇತಿಗೆಂದು ಸ್ವಯಂಸೇವಕರಾಗಿ ಬರುತ್ತಿರುವ ಎಲ್ಲರಿಗೂ,



ನೀವು ಬರುತ್ತಿರುವುದು ನನಗೆ ಸಂತೋಷದ ಸುದ್ದಿ. ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಓದು ಮುಗಿಸಿ, ಒಳ್ಳೆಯ ಸಂಬಳದ ಕೆಲಸ ಬಿಟ್ಟು, ಬಯಲುಸೀಮೆಯ ಹಳ್ಳಿ ಶಾಲೆಯ ಜಗುಲಿಯಲ್ಲಿ ಬಂದು ಕೂರುವ ಹುಡುಗ ಹುಡುಗಿಯರನ್ನು ನೋಡಿದಾಗ ನನಗೆ ಮನಸ್ಸು ತುಂಬಿ ಬರುತ್ತದೆ. ನಾನು ಈ ಜಿಲ್ಲೆಯ ಪ್ರಾಥಮಿಕ ಶಾಲೆಗಳಲ್ಲಿ ಪಾಠ ಮಾಡಿ, ನಡುವೆ ಕೆಲವು ವರ್ಷ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಯಾಗಿ (ಸಿಆರ್‌ಪಿ) ಶಾಲೆಯಿಂದ ಶಾಲೆಗೆ ಓಡಾಡಿ, ಈಗ ನಿವೃತ್ತಳಾದವಳು. ನಿಮ್ಮಂಥವರು ಬಂದು ಹೋದದ್ದನ್ನೂ ಕಂಡಿದ್ದೇನೆ, ಬಂದು ಉಳಿದದ್ದನ್ನೂ ಕಂಡಿದ್ದೇನೆ. ಆ ಅನುಭವದಿಂದ ನಿಮ್ಮಲ್ಲಿ ಕೇಳಿಕೊಳ್ಳುವುದು ಒಂದೇ. ನಮ್ಮ ಯಾವ ಮೇಷ್ಟ್ರಿಗೂ, ಯಾವ ಮೇಡಂಗೂ ತರಬೇತಿ ಕೊಡುವ ಮೊದಲು ಅವರ ಶಾಲೆಯಲ್ಲಿ, ಅವರ ಮಕ್ಕಳಿಗೆ, ಮುಂಗಾರು ಹಿಡಿದಾಗಿನಿಂದ ರಾಗಿ ಕೊಯ್ಲಿನ ತನಕ ಒಂದು ತರಗತಿ ತೆಗೆದುಕೊಳ್ಳಿ. ತರಬೇತಿಯ ಮಾತು ಆಮೇಲೆ.

ತರಬೇತಿಗೆ ನಮ್ಮಲ್ಲಿ ಬರ ಬಂದಿಲ್ಲ. ಬೆಂಗಳೂರಿನ ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆಯಲ್ಲಿ (ಡಿಎಸ್‌ಇಆರ್‌ಟಿ) ಕೈಪಿಡಿ ಸಿದ್ಧವಾಗುತ್ತದೆ. ಅಲ್ಲಿ ಕಲಿತವರು ಚಿತ್ರದುರ್ಗದ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಯಲ್ಲಿ (ಡಯಟ್) ಇನ್ನು ಕೆಲವರಿಗೆ ಹೇಳುತ್ತಾರೆ. ಅವರು ತಾಲ್ಲೂಕಿನ ಬ್ಲಾಕ್ ಸಂಪನ್ಮೂಲ ಕೇಂದ್ರಕ್ಕೆ (ಬಿಆರ್‌ಸಿ) ಬಂದು ಮೇಷ್ಟ್ರುಗಳನ್ನು ಕೂರಿಸಿಕೊಂಡು ಹೇಳುತ್ತಾರೆ. ಹಿರಿಯೂರಿನ ವಾಣಿವಿಲಾಸ ಸಾಗರ ಜಲಾಶಯದ ಕಾಲುವೆಯಲ್ಲಿ ಕಟ್ಟಕಡೆಯ ಹೊಲಕ್ಕೆ ನೀರು ಹೋದ ಹಾಗೆ, ತುದಿಯ ಶಾಲೆಗೆ ಸೇರುವಷ್ಟರಲ್ಲಿ ಹರಿವು ಸಣ್ಣದಾಗಿರುತ್ತದೆ. ಬಿಆರ್‌ಸಿಯ ಕೊಠಡಿಯಲ್ಲಿ ಕೂತ ಮೇಷ್ಟ್ರ ಮನಸ್ಸು ತಾವು ಬಿಟ್ಟು ಬಂದ ಶಾಲೆಯ ಕಡೆ ಇರುತ್ತದೆ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 60 ಮಕ್ಕಳವರೆಗಿನ ಕಿರಿಯ ಪ್ರಾಥಮಿಕ ಶಾಲೆಗೆ ಇಬ್ಬರು ಶಿಕ್ಷಕರು. ಒಬ್ಬರಿಗೆ ವರ್ಗವಾಗಿ ಆ ಜಾಗ ಖಾಲಿ ಉಳಿದರೆ ಶಾಲೆ ಒಬ್ಬರ ಮೇಲೆ ನಿಲ್ಲುತ್ತದೆ. ಆ ಒಬ್ಬರು ತರಬೇತಿಗೆ ಬಂದ ದಿನ ಪಕ್ಕದ ಊರಿನಿಂದ ಯಾರನ್ನಾದರೂ ನಿಯೋಜಿಸಬೇಕು. ಅವರೂ ಬಾರದಿದ್ದರೆ ಅತಿಥಿ ಶಿಕ್ಷಕಿ, ಅವರೂ ಇಲ್ಲದಿದ್ದರೆ ಬಿಸಿಯೂಟದ ಅಮ್ಮಂದಿರು ಮಕ್ಕಳನ್ನು ನೋಡಿಕೊಳ್ಳಬೇಕು. ಇದನ್ನೆಲ್ಲ ತಲೆಯಲ್ಲಿ ಇಟ್ಟುಕೊಂಡು ಕೂತವರಿಗೆ ನೀವು ಪರದೆಯ ಮೇಲೆ ಚಿತ್ರ ತೋರಿಸುತ್ತಿರುತ್ತೀರಿ. ಅವರು ನಿಮಗೆ ಎದುರಾಡುವುದಿಲ್ಲ. ‘ಚೆನ್ನಾಗಿತ್ತು ಸಾರ್’ ಎಂದು ಹಿಮ್ಮಾಹಿತಿ ಬರೆದುಕೊಟ್ಟು ಬಸ್ಸು ಹಿಡಿಯುತ್ತಾರೆ. ಆ ಹಿಮ್ಮಾಹಿತಿಯನ್ನು ನಂಬಬೇಡಿ.

ನಿಮ್ಮಲ್ಲಿ ಅನೇಕರು ಸರ್ಕಾರಿ ಮೇಷ್ಟ್ರೆಂದರೆ ಹೊಸದನ್ನು ಒಲ್ಲದವರು ಎಂಬ ಅಭಿಪ್ರಾಯ ಇಟ್ಟುಕೊಂಡು ಬರುತ್ತೀರಿ. ಈ ಮಾತು ನನಗೆ ನೋವು ಕೊಡುತ್ತದೆ. ಚಟುವಟಿಕೆಯ ಮೂಲಕ ಕಲಿಸುವ ನಲಿ-ಕಲಿ ಎಲ್ಲಿಂದ ಬಂತು ಎಂದು ಒಮ್ಮೆ ಕೇಳಿ ನೋಡಿ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯ ಸರ್ಕಾರಿ ಶಾಲೆಗಳ ಶಿಕ್ಷಕರು, ಯುನಿಸೆಫ್ ನೆರವಿನಿಂದ, ಆಂಧ್ರದ ಮದನಪಲ್ಲಿ ಹತ್ತಿರದ ರಿಷಿವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿ ಬಂದರು. ನೋಡಿದ್ದನ್ನು ಹಾಗೇ ನಕಲು ಮಾಡಲಿಲ್ಲ. ಪಾಠಪುಸ್ತಕವನ್ನು ಬಿಚ್ಚಿ, ಸಣ್ಣ ಸಣ್ಣ ಕಾರ್ಡುಗಳಾಗಿ ತಾವೇ ಬರೆದು, ಮಗು ಹಂತ ಹಂತವಾಗಿ ಹತ್ತುವ ಕಲಿಕಾ ಏಣಿಯನ್ನು ತಾವೇ ಕಟ್ಟಿದರು. 2009-10ರಲ್ಲಿ ಅದು ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಪ್ರಾಥಮಿಕ ಶಾಲೆಗಳಿಗೆಲ್ಲ ಬಂತು. ಅದರಲ್ಲಿ ಅಕ್ಷರ ಕಲಿಸುವುದು ಮೊದಲು ರ, ಗ, ಸ, ದ, ಅ. ಆಮೇಲೆ ಜ, ವ, ಮ, ಬ, ನ. ಅ ಆ ಇ ಈ ಎಂದು ಶುರು ಮಾಡುತ್ತಿದ್ದ ನಮಗೆ ಮೊದಮೊದಲು ಇದು ವಿಚಿತ್ರವಾಗಿ ಕಂಡದ್ದು ನಿಜ. ಆದರೆ ಐದೇ ಅಕ್ಷರ ಕಲಿತ ಮಗು ಸರ, ಅರಸ, ಗರಗಸ, ದಸರ ಎಂದು ತಾನೇ ಕೂಡಿಸಿ ಓದಿದ್ದನ್ನು ಕಂಡ ದಿನ ನಮ್ಮ ಶಾಲೆಗಳ ಅನುಮಾನ ಹೋಯಿತು. ಈ ಅಕ್ಷರಗಳ ಸಾಲಿನ ಹಿಂದೆ ತರಗತಿಯಲ್ಲಿ ನಿಂತ ಜನರ ಬುದ್ಧಿ ಇದೆ. ಅಂಥವರಿಗೆ ‘ಚಟುವಟಿಕೆ ಆಧಾರಿತ ಕಲಿಕೆ ಎಂದರೇನು’ ಎಂದು ಮೊದಲಿನಿಂದ ಹೇಳಲು ಹೊರಡಬೇಡಿ.

ನಲಿ-ಕಲಿ ಕೊಠಡಿಯಲ್ಲಿ ಒಂದು ಬೆಳಗ್ಗೆ ಕೂತು ನೋಡಿ. 1, 2, 3ನೇ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ. ನೆಲದ ಮೇಲೆ ಐದು ತಟ್ಟೆಗಳು, ಅಂದರೆ ಐದು ಗುಂಪುಗಳು: ಒಂದರಲ್ಲಿ ಶಿಕ್ಷಕರೇ ಪೂರ್ತಿ ಜೊತೆಗಿರಬೇಕು, ಒಂದರಲ್ಲಿ ಸ್ವಲ್ಪ ಸಾಕು, ಇನ್ನೆರಡರಲ್ಲಿ ಗೆಳೆಯರ ನೆರವು, ಕೊನೆಯದರಲ್ಲಿ ಮಗು ತಾನೇ ಕಲಿಯಬೇಕು. ಯಾವ ಮಗು ಏಣಿಯ ಯಾವ ಮೆಟ್ಟಿಲಲ್ಲಿದೆ ಎಂಬುದು ಗೋಡೆಯ ಮೇಲಿನ ಪ್ರಗತಿ ನೋಟದಲ್ಲಿ ಇರುತ್ತದೆ. ನೋಡಲು ಚೆಂದ. ಆದರೆ ಮೊದಲ ತಟ್ಟೆಯಲ್ಲಿ ಐದು ಮಕ್ಕಳು ಇರಬೇಕಾದಲ್ಲಿ ಹದಿನೈದು ಮಕ್ಕಳಿದ್ದಾಗ, ಪಕ್ಕದ ಕೋಣೆಯ 4 ಮತ್ತು 5ನೇ ತರಗತಿಯೂ ಅದೇ ಶಿಕ್ಷಕಿಯದಾಗಿದ್ದಾಗ, ಬಾಗಿಲಲ್ಲಿ ಹಾಲಿನ ಪುಡಿಯ ಲೆಕ್ಕ ಕೇಳಲು ಒಬ್ಬರು ನಿಂತಿದ್ದಾಗ ಏನು ಮಾಡಬೇಕು? ಈ ಪ್ರಶ್ನೆಗೆ ಕೈಪಿಡಿಯಲ್ಲಿ ಉತ್ತರ ಇಲ್ಲ. ನಮ್ಮ ಒಬ್ಬೊಬ್ಬ ಶಿಕ್ಷಕಿಯೂ ತನ್ನದೇ ಒಂದು ಉಪಾಯ ಮಾಡಿಕೊಂಡಿರುತ್ತಾಳೆ. ಒಬ್ಬರು 5ನೇ ತರಗತಿಯ ಹುಡುಗಿಯರನ್ನು ಗೆಳೆಯರ ತಟ್ಟೆಗೆ ಕಳಿಸುತ್ತಾರೆ. ಇನ್ನೊಬ್ಬರು ಬೆಳಗಿನ ಮೊದಲ ಅವಧಿಯನ್ನು ಹಿಂದುಳಿದ ಮಕ್ಕಳಿಗೆಂದೇ ಎತ್ತಿಡುತ್ತಾರೆ. ಈ ಉಪಾಯಗಳನ್ನು ಯಾರೂ ಬರೆದಿಟ್ಟಿಲ್ಲ. ನೀವು ಬರೆದುಕೊಳ್ಳಿ. ಒಂದು ಶಾಲೆಯ ಉಪಾಯವನ್ನು ಇನ್ನೊಂದು ಶಾಲೆಗೆ ದಾಟಿಸಿ. ತಿಂಗಳಿಗೊಮ್ಮೆ ಕ್ಲಸ್ಟರ್ ಮಟ್ಟದಲ್ಲಿ ನಡೆಯುವ ಸಮಾಲೋಚನಾ ಸಭೆಯಲ್ಲಿ ನೀವು ಹೊಸ ವಿಷಯ ಮಂಡಿಸುವುದಕ್ಕಿಂತ, ಉಪಾಯ ಕಂಡುಕೊಂಡ ಶಿಕ್ಷಕಿಯ ಕೈಯಲ್ಲೇ ಹತ್ತು ನಿಮಿಷ ಮಾತಾಡಿಸಿದರೆ ಉಳಿದವರು ಕಿವಿಗೊಟ್ಟು ಕೇಳುತ್ತಾರೆ. ಇದನ್ನು ನಾನು ಎಷ್ಟೋ ಸಲ ಕಣ್ಣಾರೆ ಕಂಡಿದ್ದೇನೆ.

ತರಬೇತಿಗೆ ಮೊದಲು ಪಾಠ ಮಾಡಿ ಎನ್ನುವುದು ಬರಿಯ ಹಳೇ ಶಿಕ್ಷಕಿಯ ಹಟ ಅಂದುಕೊಳ್ಳಬೇಡಿ. ಮಕ್ಕಳ ಓದು ಸುಧಾರಿಸಲು ದುಡಿಯುವ ಪ್ರಥಮ್ ಸಂಸ್ಥೆಯ ಕೆಲಸವನ್ನು ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮುಂತಾದವರು ಉತ್ತರದ ರಾಜ್ಯಗಳಲ್ಲಿ ವರ್ಷಗಟ್ಟಲೆ ಪರೀಕ್ಷಿಸಿ ನೋಡಿದ್ದಾರೆ. ಬಿಹಾರದಲ್ಲಿ ಶಿಕ್ಷಕರಿಗೆ ಸಾಮಗ್ರಿ ಕೊಟ್ಟು ತರಬೇತಿ ಮಾತ್ರ ಕೊಟ್ಟ ಶಾಲೆಗಳಲ್ಲಿ ಮಕ್ಕಳ ಓದು ಹೇಳಿಕೊಳ್ಳುವಷ್ಟು ಬದಲಾಗಲಿಲ್ಲ. ಮುಂದೆ ಹರಿಯಾಣದಲ್ಲಿ ಬೇರೆ ದಾರಿ ಹಿಡಿದರು. ಶಿಕ್ಷಕರಿಗೆ ಮಾರ್ಗದರ್ಶನ ಮಾಡಬೇಕಾದ ಸಂಪನ್ಮೂಲ ವ್ಯಕ್ತಿಗಳೇ ಮೊದಲು 15-20 ದಿನ ಶಾಲೆಗೆ ಹೋಗಿ, ಪ್ರಥಮ್ ಸಂಸ್ಥೆಯ ಕ್ರಮದಲ್ಲೇ ಮಕ್ಕಳಿಗೆ ಪಾಠ ಮಾಡಿದರು. ತಮ್ಮ ಕೈಯಲ್ಲಿ ಮಕ್ಕಳು ಓದಲು ಕಲಿತದ್ದನ್ನು ಕಂಡ ಮೇಲೆ ಶಿಕ್ಷಕರ ಬಳಿಗೆ ಹೋದರು. ಅಲ್ಲಿ ಮಕ್ಕಳ ಭಾಷೆ ಸುಧಾರಿಸಿತು. ತರಗತಿ ಯಾವುದೆಂದು ನೋಡದೆ, ಮಗುವಿಗೆ ಎಷ್ಟು ಬರುತ್ತದೆ ಎಂಬುದನ್ನು ನೋಡಿ ಗುಂಪು ಮಾಡುವ ಆ ಕ್ರಮ ಆಫ್ರಿಕದ ಜಾಂಬಿಯಾಕ್ಕೂ ಹೋಗಿ, ಅಲ್ಲಿನ ಸರ್ಕಾರಿ ಶಾಲೆಗಳಲ್ಲಿ ‘ಕ್ಯಾಚ್ ಅಪ್’ ಎಂಬ ಹೆಸರಿನಲ್ಲಿ ನಡೆಯುತ್ತಿದೆ. ಹಿಂದೆ ಹೊರಗಿನವರೇ ಆಫ್ರಿಕಕ್ಕೆ ಕಲಿಸಲು ಹೋಗುತ್ತಿದ್ದರು. 1961ರ ಆಗಸ್ಟ್‌ನಲ್ಲಿ ಅಮೆರಿಕದ ಪೀಸ್ ಕೋರ್‌ನ ಮೊದಲ ತಂಡ ಘಾನಾದಲ್ಲಿ ಬಂದು ಇಳಿದಾಗ ಅದರಲ್ಲಿದ್ದವರು ಶಿಕ್ಷಕರೇ. ಈಗ ಭಾರತದಲ್ಲಿ ಹುಟ್ಟಿದ ಪಾಠದ ಕ್ರಮ ಅಲ್ಲಿಗೆ ಹೋಗುತ್ತಿದೆ. ಇದರಲ್ಲಿ ನಮ್ಮ ಹಳ್ಳಿ ಮೇಷ್ಟ್ರುಗಳಿಗೂ ಒಂದು ಪಾಲಿನ ಗೌರವ ಸಲ್ಲಬೇಕು.

ಇನ್ನು ಮಕ್ಕಳ ಮನೆಮಾತಿನ ವಿಚಾರ. ಹೊಳಲ್ಕೆರೆ, ಹೊಸದುರ್ಗದ ಲಂಬಾಣಿ ತಾಂಡಾಗಳಿಂದ 1ನೇ ತರಗತಿಗೆ ಬರುವ ಮಗುವಿಗೆ ಕನ್ನಡವೇ ಎರಡನೆಯ ಭಾಷೆ. ಹಿರಿಯೂರಿನ ಗಡಿ ಊರುಗಳಲ್ಲಿ ತೆಲುಗು, ಪೇಟೆಯ ಓಣಿಗಳಲ್ಲಿ ಉರ್ದು. ಇಂಥ ಮಗು ಮೊದಲ ತಿಂಗಳು ಬಾಯಿ ಬಿಡದೆ ಕೂತರೆ ಅದನ್ನು ‘ಕಲಿಕೆಯಲ್ಲಿ ಹಿಂದುಳಿದ ಮಗು’ ಎಂದು ಪಟ್ಟಿಗೆ ಸೇರಿಸಬೇಡಿ.   ಆಫ್ರಿಕದ ಟಾಂಜಾನಿಯಾದಲ್ಲಿ ಸರ್ಕಾರಿ ಪ್ರಾಥಮಿಕ ಶಾಲೆ ಪೂರ್ತಿ ಸ್ವಾಹಿಲಿಯಲ್ಲಿ ನಡೆಯುತ್ತದೆ. ಹೈಸ್ಕೂಲಿಗೆ ಬರುತ್ತಲೇ ಪಾಠ ಇಂಗ್ಲಿಷ್‌ಗೆ ತಿರುಗಿ, ಮಕ್ಕಳು ತಡವರಿಸುತ್ತಾರೆ. ನಮ್ಮ ತಾಂಡಾದ ಮಗುವಿಗೆ ಆ ತಿರುವು 1ನೇ ತರಗತಿಯ ಹೊಸ್ತಿಲಲ್ಲೇ ಬರುತ್ತದೆ. ಅಲ್ಲಿ ಆ ಮಗುವಿನ ಜೊತೆ ಅದರ ಭಾಷೆಯಲ್ಲಿ ಮಾತಾಡಬಲ್ಲವರು ಯಾರು? ಅನೇಕ ಶಾಲೆಗಳಲ್ಲಿ ಬಿಸಿಯೂಟ ಮಾಡುವ ತಾಂಡಾದ ಅಕ್ಕ. ಅವರನ್ನು ಬೆಳಗ್ಗೆ ಸ್ವಲ್ಪ ಹೊತ್ತು ತರಗತಿಗೆ ಕರೆದು ಕಥೆ ಹೇಳಿಸಿದ ಶಿಕ್ಷಕಿಯರಿದ್ದಾರೆ. ಲಂಬಾಣಿಯ ಹತ್ತಿಪ್ಪತ್ತು ಮಾತು ನೀವೂ ಕಲಿಯಿರಿ. ಮಗುವಿನ ಮುಖ ಅರಳುವುದಕ್ಕೆ ಅಷ್ಟು ಸಾಕು.

ಹಾಗೆಯೇ ಅಪ್ಪ ಅಮ್ಮಂದಿರು ಇಂಗ್ಲಿಷ್ ಕೇಳಿದರೆ ಅವರನ್ನು ಹೀಗಳೆಯಬೇಡಿ. 2019-20ರಿಂದ ಸರ್ಕಾರಿ ಶಾಲೆಗಳಲ್ಲೇ ಇಂಗ್ಲಿಷ್ ಮಾಧ್ಯಮದ ವಿಭಾಗಗಳು ಶುರುವಾಗಿವೆ. ಕೂಲಿಗೆ ಹೋಗುವ ತಾಯಿ ಮಗಳಿಗೆ ಇಂಗ್ಲಿಷ್ ಬರಲಿ ಎನ್ನುವುದರಲ್ಲಿ ತಪ್ಪೇನಿದೆ? ಕನ್ನಡದಲ್ಲಿ ಗಟ್ಟಿಯಾಗಿ ಓದಲು ಬಂದ ಮಗುವಿಗೆ ಇಂಗ್ಲಿಷ್ ಬೇಗ ಹತ್ತುತ್ತದೆ ಎಂಬುದನ್ನು ಆ ತಾಯಿಗೆ ತರಗತಿಯಲ್ಲಿ ತೋರಿಸಿ ಕೊಡುವ ಜವಾಬ್ದಾರಿ ನಮ್ಮದು.

ಕಾಡುಗೊಲ್ಲರ ವಸತಿಯಾದ ಗೊಲ್ಲರಹಟ್ಟಿಯ ಶಾಲೆ ಸಿಕ್ಕವರಿಗೆ ಒಂದು ಮಾತು. ಹಟ್ಟಿಯೊಳಗೆ ಕಾಲಿಡುವ ಮೊದಲು ಹಿರಿಯರನ್ನು ಕೇಳಿ. ಕೆಲವು ಹಟ್ಟಿಗಳಲ್ಲಿ ಚಪ್ಪಲಿ ಹೊರಗೇ ಬಿಡಬೇಕು. ತಮ್ಮ ದೈವಗಳಾದ ಜುಂಜಪ್ಪ, ಎತ್ತಪ್ಪ, ಕ್ಯಾತಪ್ಪರ ಹಾಡುಗಳನ್ನು ಕೇಳಿಸಿಕೊಂಡೇ ಬೆಳೆದ ಮಕ್ಕಳು ಅವರು. ಪಕ್ಕದ ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಜನಪದ ಹಾಡುಗಾರ್ತಿ ಸಿರಿಯಜ್ಜಿಗೆ ಅಕ್ಷರ ಬರುತ್ತಿರಲಿಲ್ಲ. ಆದರೆ ಸಾವಿರಾರು ಹಾಡು ಬಾಯಲ್ಲಿದ್ದವು. ಅಂಥ ಮನೆಗಳಿಂದ ಬಂದ ಮಗುವಿಗೆ ನೆನಪಿನ ಶಕ್ತಿ ಕಡಿಮೆ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಕುರಿ ಹಿಂಡಿನ ಜೊತೆ ಅಪ್ಪ ಹೊರಟಾಗ ಮಗನೂ ಹೊರಡುತ್ತಾನೆ. ಅವನು ವಾಪಸು ಬಂದಾಗ ಬಿಟ್ಟ ಕಾರ್ಡಿನಿಂದ ಮುಂದುವರಿಸಲು ನಲಿ-ಕಲಿಯಲ್ಲಿ ಅವಕಾಶವಿದೆ. ಆ ಏಣಿಯ ದೊಡ್ಡ ಗುಣ ಅದು.

ಕೆಲವು ಹಟ್ಟಿಗಳಲ್ಲಿ ಮುಟ್ಟಾದ ಹೆಣ್ಣುಮಕ್ಕಳನ್ನೂ ಬಾಣಂತಿಯರನ್ನೂ ಊರ ಹೊರಗೆ ಇರಿಸುವ ರೂಢಿ ಇನ್ನೂ ಇದೆ. ಅದು ಹೋಗಲೇಬೇಕು. 2020ರ ಜನವರಿಯಲ್ಲಿ ಜಾರಿಗೆ ಬಂದ ನಮ್ಮ ರಾಜ್ಯದ ಮೌಢ್ಯ ಪ್ರತಿಬಂಧಕ ಕಾಯ್ದೆ ಇಂಥ ಬಲವಂತದ ಪ್ರತ್ಯೇಕತೆಯನ್ನು ಅಪರಾಧ ಎನ್ನುತ್ತದೆ. ಇದನ್ನು ಮೊದಲ ಸಲ ಕಂಡಾಗ ನಿಮಗೆ ಸಿಟ್ಟು ಬರುತ್ತದೆ, ಬರಲಿ. ಆದರೆ ಮೊದಲ ವಾರದಲ್ಲೇ ಹಟ್ಟಿಯ ನಡುವೆ ನಿಂತು ಭಾಷಣ ಮಾಡಿದರೆ ಮರುದಿನ ಶಾಲೆಗೆ ಬಾರದೆ ಉಳಿಯುವುದು ಆ ಹುಡುಗಿಯರೇ. 7ನೇ ತರಗತಿಯ ಹುಡುಗಿ ಆ ದಿನಗಳಲ್ಲೂ ಶಾಲೆಗೆ ಬರುವಂತೆ ಮಾಡುವುದು ಮುಖ್ಯ. ಶಾಲೆಯ ಶೌಚಾಲಯಕ್ಕೆ ನೀರು, ಬಾಗಿಲಿಗೆ ಚಿಲಕ, ಮೇಡಂ ಬೀರುವಿನಲ್ಲಿ ಪ್ಯಾಡು, ಆಶಾ ಕಾರ್ಯಕರ್ತೆಯ ಒಡನಾಟ: ಇಷ್ಟನ್ನು ಮೊದಲು ಮಾಡಿ. ಶಾಲೆ ಕಲಿತ ಹೆಣ್ಣುಮಕ್ಕಳು ತಾಯಿಯಾದ ಮೇಲೆ ತಮ್ಮ ಮಗಳನ್ನು ಹೊರಗೆ ಕೂರಿಸಲು ಒಪ್ಪದೆ ಗಟ್ಟಿಯಾಗಿ ನಿಂತದ್ದನ್ನು ನಾನು ನೋಡಿದ್ದೇನೆ.

ತಾಲ್ಲೂಕು ಒಂದೇ ಆದರೂ ಶಾಲೆಗಳು ಒಂದೇ ಥರ ಇರುವುದಿಲ್ಲ. ಹಿರಿಯೂರನ್ನೇ ತೆಗೆದುಕೊಳ್ಳಿ. ವೇದಾವತಿ ನದಿಗೆ ಮಾರಿಕಣಿವೆಯಲ್ಲಿ ಕಟ್ಟಿ 1907ರಲ್ಲಿ ಮುಗಿಸಿದ ವಾಣಿವಿಲಾಸ ಸಾಗರದ ಅಚ್ಚುಕಟ್ಟಿನ ಊರುಗಳಲ್ಲಿ ತೆಂಗು, ಅಡಿಕೆ. ಮನೆಮಂದಿ ಊರಲ್ಲೇ ಇರುತ್ತಾರೆ. ಧರ್ಮಪುರ, ಜವನಗೊಂಡನಹಳ್ಳಿ ಕಡೆಯ ಒಣಭೂಮಿಯಲ್ಲಿ ಮಳೆ ಕೈಕೊಟ್ಟು ಬೋರು ಬತ್ತಿದ ವರ್ಷ ಗಂಡಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಬೆಂಗಳೂರಿನ ಗಾರೆ ಕೆಲಸಕ್ಕೋ ಘಟ್ಟದ ಕಾಫಿ ತೋಟಕ್ಕೋ ಹೊರಡುತ್ತಾರೆ. 1933ರ ನಂತರ ಆ ಜಲಾಶಯ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ನಡುವೆ ಬಂದು ಹೋದ ಬರಗಳ ಲೆಕ್ಕ ನಮ್ಮ ಶಾಲೆಗಳ ಹಾಜರಿ ಪುಸ್ತಕಗಳಲ್ಲಿದೆ. ಆದ್ದರಿಂದ ಶಾಲೆಗೆ ಹೋದ ಮೊದಲ ವಾರ ಹಾಜರಿ ಪುಸ್ತಕ ಕೇಳಿ ತೆಗೆದುಕೊಂಡು, ಯಾವ ತಿಂಗಳು ಯಾವ ಮಕ್ಕಳು ಕಾಣೆಯಾಗುತ್ತಾರೆ ಎಂದು ಓದಿಕೊಳ್ಳಿ. ಊರ ಜಾತ್ರೆ ಯಾವಾಗ, ಶೇಂಗಾ ಕೀಳುವುದು ಯಾವಾಗ ಎಂದು ತಿಳಿದುಕೊಂಡ ಮೇಲೆ ನಿಮ್ಮ ತರಬೇತಿಯ ದಿನಾಂಕ ಗೊತ್ತು ಮಾಡಿ. ಶಿಕ್ಷಕರ ಮೇಲಿರುವ ಬೇರೆ ಕೆಲಸಗಳನ್ನೂ ನೆನಪಿಡಿ. 2025ರ ಸೆಪ್ಟೆಂಬರ್ 22ರಿಂದ ರಾಜ್ಯದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ಮನೆಮನೆ ಸುತ್ತಿದವರೂ ಇದೇ ಶಿಕ್ಷಕರು. ಮತದಾರರ ಪಟ್ಟಿ ಅವರದು, ಮೊಟ್ಟೆಯ ಲೆಕ್ಕ ಅವರದು. ಅವರು ಸುಸ್ತಾಗಿದ್ದಾರೆ ಎಂದರೆ ಅದಕ್ಕೆ ಕಾರಣವಿದೆ.

ಹೊರಗಿನಿಂದ ಕಲಿಸಲು ಬಂದವರು ಈ ಮಣ್ಣಿನಲ್ಲಿ ಏನು ಮಾಡಬಲ್ಲರು ಎಂಬುದಕ್ಕೆ ದೂರ ಹೋಗಬೇಕಿಲ್ಲ. ಹೊಳಲ್ಕೆರೆ ತಾಲ್ಲೂಕಿನ ಮಲ್ಲಾಡಿಹಳ್ಳಿಗೆ ಹೋಗಿ ಬನ್ನಿ. ಕರಾವಳಿಯ ಬಾರ್ಕೂರು ಮೂಲದ ರಾಘವೇಂದ್ರ ಸ್ವಾಮೀಜಿ 1943ರಲ್ಲಿ ಆ ಊರಿಗೆ ಬಂದದ್ದು ಯೋಗ, ವ್ಯಾಯಾಮ ಕಲಿಸುವುದಕ್ಕೆ. ಊರೂರಿನಲ್ಲಿ ಶಿಬಿರ ನಡೆಸುತ್ತ ಬಂದವರು ಇಲ್ಲಿ ನೆಲೆ ನಿಂತರು. ಆಯುರ್ವೇದ ಬಲ್ಲವರಾದ್ದರಿಂದ ರೋಗಿಗಳನ್ನು ನೋಡಿದರು. ಅನಾಥ ಸೇವಾಶ್ರಮ ಕಟ್ಟಿದರು. ಜೋಳಿಗೆ ಹಿಡಿದು ಬೇಡಿ ತಂದ ಹಣದಲ್ಲಿ ಶಾಲೆಗಳನ್ನು ನಡೆಸಿದರು. ‘ತಿರುಕ’ ಎಂಬ ಹೆಸರಿನಲ್ಲಿ ಪುಸ್ತಕ ಬರೆದರು. 1996ರಲ್ಲಿ ತೀರಿಕೊಳ್ಳುವ ತನಕ ಆ ಊರು ಅವರದಾಗಿತ್ತು. ಮಲ್ಲಾಡಿಹಳ್ಳಿಯಲ್ಲಿ ಕಲಿತ ವ್ಯಾಯಾಮ ಮೇಷ್ಟ್ರುಗಳನ್ನು ಕಂಡಿದ್ದೇನೆ. ಅವರು ಮೈದಾನದಲ್ಲಿ ಮಕ್ಕಳ ಜೊತೆ ತಾವೂ ಆಸನ ಹಾಕುತ್ತಿದ್ದರು. ಕೈಯಲ್ಲಿ ಬೆತ್ತ ಹಿಡಿದು ನೆರಳಲ್ಲಿ ನಿಂತು ಹೇಳಿಕೊಡುವ ಅಭ್ಯಾಸ ಅವರಿಗೆ ಇರಲಿಲ್ಲ. ನಿಮ್ಮಿಂದ ಯಾರೂ ಇಡೀ ಆಯುಷ್ಯ ಕೇಳುತ್ತಿಲ್ಲ. ಒಂದು ಮಳೆಗಾಲ, ಒಂದು ಸುಗ್ಗಿ ಕೇಳುತ್ತಿದ್ದೇವೆ.

ಹೊಸದುರ್ಗದ ಕಡೆ ಇರುವವರು ಸಾಣೇಹಳ್ಳಿಯನ್ನೂ ನೋಡಿ. 1997ರಿಂದ ಅಲ್ಲಿನ ‘ಶಿವಸಂಚಾರ’ ತಂಡ ಪ್ರತಿ ವರ್ಷ ನಾಟಕ ಹೊತ್ತು ನಾಡು ಸುತ್ತುತ್ತದೆ. ಪಾಠಕ್ಕೆ ನಾಟಕ ಬಳಸುವುದು ಹೇಗೆ ಎಂದು ಹೇಳಿಕೊಡಲು ನಿಮಗೆ ದೂರದ ತಜ್ಞರು ಬೇಕಿಲ್ಲ, ನಿಮ್ಮ ಬಸ್ಸಿನ ದಾರಿಯಲ್ಲೇ ಇದ್ದಾರೆ.

ಉಳಿದದ್ದು ಸಣ್ಣಪುಟ್ಟ ಸಂಗತಿಗಳು. ಶಿಕ್ಷಕರನ್ನು ಮಕ್ಕಳ ಎದುರಿಗೆ ತಿದ್ದಬೇಡಿ. ವಯಸ್ಸಿನಲ್ಲಿ ನಿಮಗಿಂತ ಚಿಕ್ಕವರಾದರೂ ‘ಸಾರ್’, ‘ಮೇಡಂ’ ಎಂದೇ ಕರೆಯಿರಿ, ಮಕ್ಕಳು ಕೇಳಿಸಿಕೊಳ್ಳುತ್ತಿರುತ್ತಾರೆ. ಅಡುಗೆ ಅಮ್ಮಂದಿರನ್ನು ‘ಅಕ್ಕಾ’ ಎನ್ನಿ, ಮಕ್ಕಳ ಪಂಕ್ತಿಯಲ್ಲೇ ಕೂತು ಉಣ್ಣಿ. ಕೇಳದೆ ಮಕ್ಕಳ ಫೋಟೊ ತೆಗೆದು ಎಲ್ಲಿಯೂ ಹಾಕಬೇಡಿ. ಹರಿದ ಅಂಗಿಯ ಮಗುವಿನ ಫೋಟೊ ಯಾವ ವರದಿಗೂ ಬೇಡ. ಮೊದಲ ದಿನವೇ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಅಧ್ಯಕ್ಷರ ಮನೆಗೆ ಹೋಗಿ ಬನ್ನಿ. ಊರಲ್ಲೇ ಬಾಡಿಗೆಗೆ ಕೋಣೆ ಸಿಕ್ಕಿದರೆ ಪೇಟೆಯಲ್ಲಿ ಉಳಿಯಬೇಡಿ. ರೈಲಿನಲ್ಲಿ ಬರುವವರು ಹೊಸದುರ್ಗ ರೋಡ್ ನಿಲ್ದಾಣದಲ್ಲಿ ಇಳಿದು ಊರು ಬಂತು ಅಂದುಕೊಳ್ಳಬೇಡಿ, ಹೊಸದುರ್ಗ ಇನ್ನೂ ದೂರ.

ಮೇ ತಿಂಗಳ ಕೊನೆಗೆ ಶಾಲೆ ತೆರೆಯುತ್ತದೆ. ಅದಕ್ಕೆ ಒಂದೆರಡು ದಿನ ಮೊದಲೇ ಬನ್ನಿ. ಕೋಣೆ ಗುಡಿಸಬೇಕು, ಬೇಸಿಗೆಯಲ್ಲಿ ಧೂಳು ಹಿಡಿದ ಕಾರ್ಡುಗಳನ್ನು ಒರೆಸಿ ಕ್ರಮವಾಗಿ ಜೋಡಿಸಬೇಕು, ನೀರಿನ ಟ್ಯಾಂಕು ತೊಳೆಸಬೇಕು. ಆ ವಾರ ಶಿಕ್ಷಕರು ದಾಖಲಾತಿಗೆಂದು ಮನೆಮನೆಗೆ ಹೋಗುತ್ತಾರೆ. ಆರು ವರ್ಷ ತುಂಬಿದ ಮಕ್ಕಳ ಪಟ್ಟಿ ಅಂಗನವಾಡಿಯಲ್ಲಿ ಸಿಗುತ್ತದೆ. ಅದನ್ನು ಮೊದಲೇ ಬರೆದಿಟ್ಟುಕೊಂಡು ನೀವೂ ಅವರ ಜೊತೆ ಹೊರಡಿ.

ವಿಶ್ವಾಸದಿಂದ,
ನಿವೃತ್ತ ಶಿಕ್ಷಕಿ, ಹೊಸದುರ್ಗ ತಾಲ್ಲೂಕು